‘ಬೇಡ’ಕ್ಕೆ ಬಿದ್ದ ಗುರುತು

ಮಂಗಳೂರಿಗೆ ಹೆಸರಿನ ಬಡತನವಿಲ್ಲ. ತುಳುವರ ಬಾಯಲ್ಲಿ ಅದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಇಂಗ್ಲಿಷ್ ಬರಹದಲ್ಲಿ ‘ಮ್ಯಾಂಗಲೋರ್’ ಆಗಿದ್ದುದು 2014ರ ನವೆಂಬರ್ 1ರಿಂದ ಅಲ್ಲಿಯೂ ಮಂಗಳೂರೇ ಆಯಿತು. ಹೆಸರುಗಳು ಇಷ್ಟಿದ್ದರೂ ಊರಿಗೆ ಬಂದವರಾರೂ ದಾರಿ ತಪ್ಪುವುದಿಲ್ಲ. ಸಂದೇಹ ಬಂದರೆ ಪಕ್ಕದವರನ್ನು ಕೇಳಿದರಾಯಿತು. ಕೇಳಲು ಪಕ್ಕದವರೇ ಇಲ್ಲದ ಕಡೆ ಹೆಸರುಗಳು ಹೇಗಿರಬೇಕು ಎಂಬುದು ಕದ್ರಿಯ ನಿವೃತ್ತ ಮಾಸ್ತರರೊಬ್ಬರಿಗೆ ಮನವರಿಕೆಯಾದುದು ತಮ್ಮ 74ನೆಯ ವಯಸ್ಸಿನಲ್ಲಿ, ಕಂಪ್ಯೂಟರಿನ ಮುಂದೆ.

ಅವರ ಪತ್ನಿ ಮದುವೆಮನೆಗಳಲ್ಲಿ ಹಾಡುತ್ತಿದ್ದ ಶೋಭಾನೆಗಳನ್ನು ಮೂರು ನೋಟುಪುಸ್ತಕಗಳಲ್ಲಿ ಬರೆದಿಟ್ಟು ಕಣ್ಮುಚ್ಚಿದ್ದರು. ವರ್ಷಾಂತಿಕದ ದಿನ ಆ ಹಾಡುಗಳನ್ನು ಪುಸ್ತಕವಾಗಿ ಬಂಧುಗಳ ಕೈಗಿಡಬೇಕೆಂಬುದು ಮಾಸ್ತರರ ಸಂಕಲ್ಪ. ಒಂದೊಂದೇ ಕೀಲಿಯನ್ನು ಹುಡುಕಿ ಒತ್ತುತ್ತ, ಹತ್ತು ತಿಂಗಳಲ್ಲಿ ಅಷ್ಟನ್ನೂ ಹಳೆಯ ಕನ್ನಡ ಫಾಂಟೊಂದರಲ್ಲಿ ಬೆರಳಚ್ಚು ಮಾಡಿ ಮುಗಿಸಿದರು. ಇನ್ನು ಉಳಿದುದು ಅದನ್ನು ಪಿಡಿಎಫ್ ಮಾಡಿ ಹಂಪನಕಟ್ಟೆಯ ಮುದ್ರಣಾಲಯಕ್ಕೆ ಕಳುಹಿಸುವುದಷ್ಟೆ.

ತಂತ್ರಾಂಶದ ಪಟ್ಟಿಯಲ್ಲಿ ‘ರಫ್ತು’ ಎಂದಿತ್ತು. ಬಂದರಿನ ಊರಿನವರಿಗೆ ರಫ್ತು ಎಂದರೆ ಹಂಚು, ಗೋಡಂಬಿ, ಕಾಫಿ! ಅಳುಕುತ್ತಲೇ ಒತ್ತಿದರು. ತೆರೆದ ಕಿಟಕಿಯ ತಲೆಬರಹ ‘ನಿರ್ಯಾತ’. ಅಡಿಯ ಗುಂಡಿಯ ಮೇಲೆ ‘ಹೊರಕಳುಹಿಸು’. ಮೂರೂ ಒಂದೆಯೋ, ಬೇರೆಬೇರೆಯೋ? ಒಂದೆಡೆ ‘ಚಿತ್ರದ ಗುಣಮಟ್ಟ: ಹೆಚ್ಚು’, ಮತ್ತೊಂದೆಡೆ ‘ಕುಗ್ಗಿಸುವಿಕೆ: ಹೆಚ್ಚು’, ಮೊದಲಿನ ‘ಹೆಚ್ಚು’ ಚಿತ್ರವನ್ನು ಉಳಿಸುವಂಥದು, ಎರಡನೆಯದು ಕೆಡಿಸುವಂಥದು. ಕೊನೆಯಲ್ಲೊಂದು ಚೌಕ: ‘ಫಾಂಟುಗಳನ್ನು ಸೇರಿಸದಿರು’. ಮೇಲಿನ ಚೌಕಗಳಲ್ಲೆಲ್ಲ ಗುರುತು ಹಾಕಿದರೆ ‘ಬೇಕು’ ಎಂದೇ ಅರ್ಥವಿತ್ತು. ಫಾಂಟು ಬೇಕೇ ಬೇಕೆಂದು ಬಲ್ಲ ಮಾಸ್ತರರು ಇಲ್ಲಿಯೂ ಶ್ರದ್ಧೆಯಿಂದ ಗುರುತು ಹಾಕಿದರು.

ಮರುದಿನ ಮುದ್ರಣಾಲಯದಿಂದ ಕರೆ ಬಂತು. “ಮಾಸ್ಟ್ರೇ, ಇದು ಎಂತ ಭಾಷೆ?”

ಮಾಸ್ತರರು ಧಾವಿಸಿ ಹೋಗಿ ನೋಡಿದರು. ಆ ಹಳೆಯ ಬಗೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಫಾಂಟು ಜೊತೆಯಲ್ಲಿ ಹೋಗದಿದ್ದರೆ ಎದುರಿನ ಯಂತ್ರ ತೋರಿಸುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯನ್ನು. ಪುಟವು ಎಲ್ಲ ಯಂತ್ರಗಳಲ್ಲಿಯೂ ಒಂದೇ ತೆರನಾಗಿ ಕಾಣಲೆಂದೇ ಅಡೋಬಿ ಸಂಸ್ಥೆ 1993ರಲ್ಲಿ ಪಿಡಿಎಫನ್ನು ಹೊರತಂದಿತ್ತು. ಆ ಉದ್ದೇಶವನ್ನು ಒಂದು ‘ದಿರು’ ನುಂಗಿಹಾಕಿತು. ಮುಖಪುಟದಲ್ಲಿ ಪತ್ನಿಯ ಹೆಸರಿರಬೇಕಾದಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ, ಎರಡು ಆವರಣ ಚಿಹ್ನೆ. ಮಾಸ್ತರರು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತರು. ವರ್ಷಾಂತಿಕಕ್ಕೆ ಇದ್ದುದು ನಾಲ್ಕೇ ದಿನ.

ರಾತ್ರಿ ಬೆಂಗಳೂರಿನಲ್ಲಿದ್ದ ಮಗಳಿಗೆ ಫೋನು ಮಾಡಿದರು. ಇಂಥ ತಂತ್ರಾಂಶಗಳಿಗೆ ಹೆಸರುಗಳನ್ನು ಬರೆಯುವುದೇ ಆಕೆಯ ಉದ್ಯೋಗ.

“ಆ ಚೌಕಕ್ಕೆ ಗುರುತು ಹಾಕಿದಿರಾ ಅಪ್ಪ?”

“ಹಾಕಿದೆ ಮಗಾ.”

“ಅದನ್ನು ತೆಗೆಯಬೇಕಿತ್ತು.”

“ಬೇಡ ಎಂಬುದಕ್ಕೆ ಹೌದು ಅಂದರೆ ಎಂತ ಅರ್ಥ? 35 ವರ್ಷ ಪ್ರಶ್ನೆಪತ್ರಿಕೆ ಬರೆದವ ನಾನು. ಹೀಗೆ ಕೇಳಿ ಮಕ್ಕಳು ತಪ್ಪು ಬರೆದರೆ ಅದು ಮಕ್ಕಳ ತಪ್ಪಲ್ಲ.”

ಮಗಳು ಮರುಮಾತಾಡಲಿಲ್ಲ. ತಾನು ಬರೆದ ಪಟ್ಟಿಯಲ್ಲಿಯೂ ಅಂಥ ‘ದಿರು’ಗಳಿದ್ದುದು ಆಕೆಗೆ ನೆನಪಾಗಿತ್ತು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಒಂದೊಂದು ಪದದ ಹಲವು ಅರ್ಥಗಳನ್ನು ಕಲೆಹಾಕಿತು. ಅದು ನಿಘಂಟಿನ ಧರ್ಮ. ಯಂತ್ರದ ಪಟ್ಟಿಯ ಧರ್ಮವೇ ಬೇರೆ. ಅಲ್ಲಿ ಒಂದು ಕೆಲಸಕ್ಕೆ ಎಲ್ಲೆಡೆಯೂ ಒಂದೇ ಹೆಸರಿರಬೇಕು. ಆ ಹೆಸರು ಆಗುವುದನ್ನು ಹೇಳಬೇಕಲ್ಲದೆ ಆಗದಿರುವುದನ್ನಲ್ಲ. ಮುಂದಿನ ಸೋಮವಾರ ಮಗಳು ತನ್ನ ಪಟ್ಟಿಯನ್ನು ಮೊದಲಿನಿಂದ ತಿದ್ದಲು ಕುಳಿತಳು. ‘ಸೇರಿಸದಿರು’ ಎಂದಿದ್ದುದು ‘ಫಾಂಟುಗಳನ್ನು ಸೇರಿಸು’ ಎಂದಾಯಿತು.

ಪುಸ್ತಕ ಮಾತ್ರ ಅದಕ್ಕೆ ಮೊದಲೇ, ವರ್ಷಾಂತಿಕದ ಬೆಳಿಗ್ಗೆ ಮನೆ ಸೇರಿತ್ತು. ಮುಖಪುಟದಲ್ಲಿ ಪತ್ನಿಯ ಹೆಸರು, ಒಂದು ಒತ್ತಕ್ಷರವೂ ಕೆಡದೆ, ಅಡಿಯಲ್ಲಿ ‘ಮಂಗಳೂರು’. ಒಳಗಿನ ತುಳು ಹಾಡೊಂದರಲ್ಲಿ ಆಕೆ ‘ಕುಡ್ಲ’ ಎಂದೇ ಬರೆದಿದ್ದರು. ಮಾಸ್ತರರು ಅದನ್ನು ತಿದ್ದಿರಲಿಲ್ಲ.