ಗರಗಸ ದಾಟಿದ ಮೇಲಿನ ಹೆಸರು

ಮರವೊಂದು ಬೇರೂರಿ ನಿಂತಿರುವಷ್ಟು ಕಾಲ ಮಂಡ್ಯ ಸೀಮೆಯಲ್ಲಿ ಅದರ ಬಗೆಗಿನ ಮಾತೆಲ್ಲ ಕನ್ನಡದಲ್ಲಿಯೇ ನಡೆಯುತ್ತದೆ. ಕೊತ್ತತ್ತಿ ಹೋಬಳಿಯ ಬದುಗಳ ಮೇಲಿನ ಬೇವು, ಹೊಂಗೆ, ಹುಣಸೆ, ಕರಿಜಾಲಿಗಳಿಗೆ ಬೊಡ್ಡೆ, ಕೊಂಬೆ, ತೊಗಟೆ, ಗಂಟುಗಳಿರುತ್ತವೆ. ಬಲಿತ ಮರದೊಳಗೆ ಚೇಗು, ಅಂದರೆ ಬಣ್ಣ ಗಾಢವಾಗಿ ಹುಳುವಿಗೆ ಸುಲಭವಾಗಿ ತುತ್ತಾಗದ ನಡುಭಾಗ, ಕಟ್ಟಿಕೊಂಡಿರುತ್ತದೆ. ಕಡಿದರೆ ದಿಮ್ಮಿ, ಸೀಳಿದರೆ ಸೌದೆ. ಅದೇ ದಿಮ್ಮಿ ಮಂಡ್ಯ ಪಟ್ಟಣದ ಸಾಮಿಲ್ಲಿನಲ್ಲಿ ಕೊಯ್ಯಿಸಿಕೊಂಡು ಹೊರಬರುವಾಗ ಪ್ಲ್ಯಾಂಕು, ಫ್ರೇಮು, ರಿಪೀಸು, ಬೀಡಿಂಗು ಎಂಬ ಹೊಸ ಹೆಸರುಗಳನ್ನು ಹೊತ್ತಿರುತ್ತದೆ, ಅದರ ಲೆಕ್ಕವೂ ಮೊಳ ಗೇಣುಗಳನ್ನು ಬಿಟ್ಟು ಸಿಎಫ್‌ಟಿಗೆ, ಎಂದರೆ ಘನ ಅಡಿಗೆ, ತಿರುಗಿರುತ್ತದೆ. ಮರಕ್ಕೆ ಸಂಬಂಧಿಸಿದ ಇಂಗ್ಲಿಷ್ ಮಾತುಗಳು ಈ ಸೀಮೆಗೆ ಗರಗಸದ ಬೆನ್ನು ಹಿಡಿದು ಬಂದವು ಎನ್ನಲು ಅಡ್ಡಿಯಿಲ್ಲ.

ಇಂಗ್ಲಿಷಿನೊಳಗೂ ಈ ಮಾತುಗಳು ಒಂದೇ ಅರ್ಥಕ್ಕೆ ಅಂಟಿ ಕುಳಿತವಲ್ಲ. ವುಡ್ ಎಂಬುದು ಮರದ ಒಡಲಿನ ವಸ್ತುವಿಗೂ, ವುಡ್ಸ್ ಎಂದು ಬಹುವಚನವಾದಾಗ ಸಣ್ಣ ಕಾಡಿಗೂ ಸಲ್ಲುತ್ತದೆ. ಟಿಂಬರ್ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಕಟ್ಟಡವೆಂದೇ ಅರ್ಥವಿದ್ದು, ಅದರ ದಾಯಾದಿಯಾದ ಜರ್ಮನ್ನಿನ ತ್ಸಿಮ್ಮರ್ ಇಂದಿಗೂ ಕೋಣೆಯನ್ನು ಸೂಚಿಸುತ್ತದೆ. ಕಟ್ಟುವ ಕೆಲಸಕ್ಕೆ ಒದಗುವ ಮರ ಎಂಬ ಅರ್ಥ ಅಲ್ಲಿಂದ ಬೆಳೆದದ್ದು, ಕರ್ನಾಟಕದ ಅರಣ್ಯ ಇಲಾಖೆ ನಾಟಾ ಎಂದು ಕರೆಯುವುದೂ ಇದನ್ನೇ. ಲಂಬರ್ ಎಂದರೆ ಅಮೆರಿಕದಲ್ಲಿ ಕೊಯ್ದ ಮರ, ಬ್ರಿಟನ್ನಿನಲ್ಲಿ ಅಟ್ಟಕ್ಕೆ ಸೇರಿದ ಹಳೆಯ ಸಾಮಾನು. ಹಾರ್ಡ್‌ವುಡ್, ಸಾಫ್ಟ್‌ವುಡ್ ಎಂಬ ಜೋಡಿಯಂತೂ ಓದಿದವರನ್ನೇ ದಾರಿ ತಪ್ಪಿಸುತ್ತದೆ, ಏಕೆಂದರೆ ಸಸ್ಯಶಾಸ್ತ್ರದಲ್ಲಿ ಅವು ಗಟ್ಟಿತನವನ್ನು ಹೇಳುವುದಿಲ್ಲ. ಅಗಲ ಎಲೆಯ ಮರವೆಲ್ಲ ಹಾರ್ಡ್‌ವುಡ್, ಪೈನ್ ದೇವದಾರುಗಳಂಥ ಸೂಜಿ ಎಲೆಯ ಮರವೆಲ್ಲ ಸಾಫ್ಟ್‌ವುಡ್. ಈ ನಿಯಮದಂತೆ ಉಗುರಿನಲ್ಲಿ ಗೀರಿದರೆ ಗೆರೆ ಮೂಡುವ ಬೂರುಗವೂ ಹಾರ್ಡ್‌ವುಡ್ಡೇ ಆಗುತ್ತದೆ, ಮಂಡ್ಯದ ನೆಲದಲ್ಲಿ ಸೂಜಿ ಎಲೆಯ ಮರ ತಾನಾಗಿ ಬೆಳೆಯದ ಕಾರಣ ಸಾಫ್ಟ್‌ವುಡ್ ಇಲ್ಲಿಗೆ ಯಂತ್ರಗಳ ಪ್ಯಾಕಿಂಗ್ ಪೆಟ್ಟಿಗೆಯಾಗಿಯೇ ಬರುತ್ತದೆ. ಚೇಗು ನೋಡಿ ಬೆಲೆ ಕಟ್ಟುವ ಆಚಾರಿಯ ವಿಂಗಡಣೆ ಇದಕ್ಕಿಂತ ಪ್ರಯೋಜನಕರವಾದುದು.

ಹೊರಗಿನಿಂದ ಬಂದವೆಂದು ತೋರುವ ಕೆಲವು ಪದಗಳು ವಾಸ್ತವವಾಗಿ ಇಲ್ಲಿಂದಲೇ ಹೋಗಿ ಮರಳಿದಂಥವು. ಮಲಯಾಳದ ತೇಕ್ಕು ಪೋರ್ಚುಗೀಸರ ಬಾಯಲ್ಲಿ ತೆಕ ಆಗಿ ಇಂಗ್ಲಿಷಿನಲ್ಲಿ ಟೀಕ್ ಆಯಿತು. ಅದೇ ಮಲಯಾಳದ ಚಕ್ಕ ಜಾಕ ಆಗಿ, ಹಲಸಿಗೆ ಜಾಕ್ ಎಂಬ ಹೆಸರನ್ನು ಕೊಟ್ಟಿತು. ಚಂದನವು ಪರ್ಷಿಯನ್, ಗ್ರೀಕ್, ಲ್ಯಾಟಿನ್‌ಗಳನ್ನು ಹಾದು ಸ್ಯಾಂಡಲ್ ಆಗಿ, ಕೊನೆಗೆ ಹಾಲಿವುಡ್ಡಿನ ಅನುಕರಣೆಯಲ್ಲಿ ಕನ್ನಡ ಚಿತ್ರರಂಗದ ಅಡ್ಡಹೆಸರಾಗಿ ಮನೆಗೆ ಮರಳಿತು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ಟಿಪ್ಪುವಿನ ದರಿಯಾ ದೌಲತ್ ಬಹುಪಾಲು ತೇಗದ ಕಟ್ಟಡವಾಗಿದ್ದು ಕೊತ್ತತ್ತಿಯಿಂದ ದೂರವೇನೂ ಇಲ್ಲ, ಆದರೂ ಬಾಗಿಲು ಮಾಡಿಸಲು ಹೊರಟವರು ಇಂದು ಅಂಗಡಿಯಲ್ಲಿ ಕೇಳುವುದು ಟೀಕನ್ನೇ. ತೇಗ ಎಂದರೆ ಊಟವಾದ ಮೇಲಿನ ತೇಗೆಂದು ನಗುವವರೂ ಉಂಟು. ಬೀಟೆಗೆ ರೋಸ್‌ವುಡ್ ಎಂಬ ಹೆಸರು ಅಂಟಿದ್ದು ಗುಲಾಬಿ ಗಿಡದ ನೆಂಟಸ್ತಿಕೆಯಿಂದಲ್ಲ, ಹೊಸದಾಗಿ ಕೊಯ್ದ ಮರದ ಪರಿಮಳದಿಂದ. ಭಾರತದಲ್ಲಿದ್ದ ಇಂಗ್ಲಿಷರು ಮಾತ್ರ ಅದರ ಬಣ್ಣ ನೋಡಿ ಬ್ಲ್ಯಾಕ್‌ವುಡ್ ಎಂದೇ ಕರೆಯುತ್ತಿದ್ದರು.

ಈ ಬಗೆಯ ಪದಗಳಲ್ಲಿ ಹೆಚ್ಚು ಕುತೂಹಲ ಹುಟ್ಟಿಸುವುದು ರಿಪೀಸು. ಪ್ರಸ್ತುತ ಲೇಖಕನ ಅಜ್ಜನ ಕಾಲದ ತೊಟ್ಟಿಮನೆಗೆ ಮೊದಲು ನಾಡಹೆಂಚಿನ ಹೊದಿಕೆಯಿದ್ದು, ಅರ್ಧ ಕೊಳವೆಯಾಕಾರದ ಆ ಹೆಂಚುಗಳು ಒತ್ತೊತ್ತಾಗಿ ಹಾಸಿದ ಬಿದಿರ ದಬ್ಬೆಗಳ ಮೇಲೆ ಹೇಗೆಂದರೆ ಹಾಗೆ ಕೂರುತ್ತಿದ್ದವು. ಮುಂದೆ ಅವನ್ನು ಇಳಿಸಿ ಮಂಗಳೂರು ಹೆಂಚು ಹೊದಿಸಿದಾಗ ಬಿದಿರು ಕೆಲಸಕ್ಕೆ ಬಾರದಾಯಿತು, ಏಕೆಂದರೆ ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಮಾಡಲು ತೊಡಗಿದ ಈ ಹೆಂಚಿನ ಹಿಂಬದಿಯ ಮೂಗು ಸಮಾನ ಅಂತರದಲ್ಲಿ ಬಡಿದ ನೇರ ಪಟ್ಟಿಯನ್ನು ಕಚ್ಚಿಕೊಂಡರೆ ಮಾತ್ರ ನಿಲ್ಲುತ್ತದೆ, ಅಂಥ ಪಟ್ಟಿಯನ್ನು ಕೊಯ್ದೇ ಪಡೆಯಬೇಕು. ಮನೆಯವರೆಲ್ಲ ರಿಪೀಸು ಎಂದ ಆ ಪಟ್ಟಿಯ ಹೆಸರನ್ನು ಇಂಗ್ಲಿಷಿನ ಪೀಸ್ ಎಂದೇ ಲೇಖಕ ಬಹುಕಾಲ ತಿಳಿದಿದ್ದನು. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ಹಾಬ್ಸನ್-ಜಾಬ್ಸನ್ ಕೋಶದಲ್ಲಿ ಇದು ರೀಪರ್ ಎಂಬ ರೂಪದಲ್ಲಿದ್ದು, ಹಿಂದಿಯ ಕೋಶಗಳಲ್ಲಿ ಸಿಗದ ಈ ಪದಕ್ಕೆ ಮರಾಠಿಯ ರೀಪ್ ಎಂಬುದರ ಕಡೆಗೆ ಅವರು ಬೆರಳು ತೋರಿಸುತ್ತಾರೆ. ಹಾಗಿದ್ದಲ್ಲಿ ಮಂಡ್ಯದ ಮಾಡಿನ ಮೇಲಿರುವುದು ಕೋಟು ತೊಟ್ಟ ಮರಾಠಿ.

ಅಳತೆಯ ಮಾತು ಹೆಸರಿಗಿಂತ ಹೆಚ್ಚು ದುಬಾರಿ. ದುಂಡು ದಿಮ್ಮಿಯನ್ನು ಅಳೆಯಲು ಭಾರತದಲ್ಲಿ ಬಳಕೆಗೆ ಬಂದ ಕ್ವಾರ್ಟರ್ ಗರ್ತ್ ಎಂಬ ಇಂಗ್ಲಿಷ್ ಕ್ರಮದಲ್ಲಿ ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸುತ್ತಾರೆ. 4 ಅಡಿ ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ. ರೇಖಾಗಣಿತದಲ್ಲಿ ಅದು ಸುಮಾರು 12.7 ಘನ ಅಡಿ. ದುಂಡನ್ನು ಚೌಕ ಮಾಡುವಾಗ ಕೊಯ್ದು ಬಿಸಾಡುವ ಅಂಚನ್ನು ಮೊದಲೇ ಕಳೆದಂತಾಯಿತೆಂಬುದು ಇದರ ಸಮರ್ಥನೆ. ಬಿಸಾಡಿದ ಅಂಚು ಯಾರ ಒಲೆಗೆ ಹೋಗುತ್ತದೆ ಎಂಬುದನ್ನು ಸೂತ್ರ ಹೇಳುವುದಿಲ್ಲ.

ಇನ್ನು ಕೆಲವು ಪದಗಳು ಮರವನ್ನು ಹಿಂದೆಯೇ ಬಿಟ್ಟು ಬಂದಿವೆ. ಟ್ರಂಕ್ ಎಂದರೆ ಮೂಲದಲ್ಲಿ ಮರದ ಬೊಡ್ಡೆ, ಬಳಿಕ ಮರದ ಪೆಟ್ಟಿಗೆ; ಲೇಖಕನು ಮಂಡ್ಯದ ಹಾಸ್ಟೆಲಿಗೆ ಹೊತ್ತೊಯ್ದ ಟ್ರಂಕು ತಗಡಿನದು. ಬೋರ್ಡ್ ಹಲಗೆಯಾಗಿದ್ದು, ಊಟದ ಮೇಜಾಗಿ, ಮೇಜಿನ ಸುತ್ತ ಕೂರುವ ಮಂಡಲಿಯಾದ ಮೇಲೆ ಹಳ್ಳಿಗೆ ಕರೆಂಟು ಕೊಡುವ ಕಚೇರಿಯ ಹೆಸರಾಗಿ ಬಂದಿತು. ಹಡಗಿನ ವೇಗ ತಿಳಿಯಲು ಹಗ್ಗ ಕಟ್ಟಿ ನೀರಿಗೆಸೆಯುತ್ತಿದ್ದ ಮರದ ತುಂಡು ಲಾಗ್. ಆ ವೇಗವನ್ನು ಬರೆದಿಡುವ ಪುಸ್ತಕ ಲಾಗ್ ಬುಕ್ಕಾಗಿ, ಈಗ ತಾಲ್ಲೂಕು ಕಚೇರಿಯ ಜೀಪಿನಲ್ಲಿ ನೀರು ಕಾಣದೆ ಓಡಾಡುತ್ತಿದೆ.

ಇದಕ್ಕೆ ಎದುರಾಗಿ ನೇಗಿಲು ಮತ್ತು ಗಾಡಿಗಳು ಇಂಗ್ಲಿಷನ್ನು ಬಹುಕಾಲ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವನ್ನು ಊರಿನ ಆಚಾರಿ ಊರಿನ ಜಾಲಿಯಲ್ಲಿ ಬಾಚಿ, ಉಳಿಗಳಿಂದಲೇ ಮಾಡುತ್ತಿದ್ದುದರಿಂದ ನೊಗ, ಮೂಕಿ, ಅಚ್ಚು, ಕಡಾಣಿ, ಮೇಣಿ ಎಂಬ ಹೆಸರುಗಳು ಕದಲಲಿಲ್ಲ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಗೆ ಕಬ್ಬು ಸಾಗಿಸಿದ ಗಾಡಿಗಳಿಗೆ ಮುಂದೆ ಟೈರು ಬಂದಾಗಲೂ ಬದಲಾದದ್ದು ಚಕ್ರದ ಹೆಸರು, ನೊಗದ್ದಲ್ಲ. ಅದೇ ಆಚಾರಿಯ ಮನೆತನದವರು ಈಗ ಅಡುಗೆಮನೆಯ ಕಪಾಟು ಮಾಡುತ್ತಾರೆ. ಪ್ಲೈವುಡ್ ಎಂಬುದು ತೆಳ್ಳಗೆ ಸುಲಿದ ಮರದ ಹಾಳೆಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿದ ಹಲಗೆಯಾದ್ದರಿಂದ ಅದರಲ್ಲಿ ಚೇಗು ಹುಡುಕುವಂತಿಲ್ಲ, ಎಷ್ಟು ಎಂಎಂ, ಯಾವ ಗ್ರೇಡು ಎಂದಷ್ಟೇ ಕೇಳಬೇಕು. ನೀರು ತಾಗುವ ಕಡೆಗೆ ಆಚಾರಿ ಹೇಳುವುದು ಸೆವೆನ್‌ಟೆನ್. ಭಾರತೀಯ ಮಾನಕ 710 ಎಂಬ ಗುರುತಿನ ಈ ಮರೀನ್ ಪ್ಲೈ ಹಡಗು, ದೋಣಿಗಳ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದು, ಕೊತ್ತತ್ತಿಯಲ್ಲಿ ಅದು ಪಾತ್ರೆ ತೊಳೆಯುವ ಸಿಂಕಿನ ಕೆಳಗೆ ಚೆನ್ನಾಗಿಯೇ ಬಾಳುತ್ತಿದೆ.