ವೈಟ್‌ವೆಬ್ಸ್: ಒಂದು ಉದ್ಯಾನ, ಒಂದು ಲೀಸು

ಲಂಡನ್ನಿನ ಉತ್ತರದ ಅಂಚಿನಲ್ಲಿ, ಎಂ25 ಹೆದ್ದಾರಿಗೆ ತಾಗಿದಂತೆ, ವೈಟ್‌ವೆಬ್ಸ್ ಎಂಬ ಉದ್ಯಾನವಿದೆ. ಎನ್‌ಫೀಲ್ಡ್ ಕೌನ್ಸಿಲಿಗೆ ಸೇರಿದ ಈ ಜಾಗದಲ್ಲಿ ಒಂದು ಕಡೆ ಹಳೆಯ ಕಾಡು, ಇನ್ನೊಂದು ಕಡೆ ಹದಿನೆಂಟು ಗುಳಿಗಳ ಗಾಲ್ಫ್ ಮೈದಾನ. 2021ರ ಮಾರ್ಚ್‌ನಲ್ಲಿ ಆ ಗಾಲ್ಫ್ ಮೈದಾನಕ್ಕೆ ಬೀಗ ಬಿತ್ತು. ನಷ್ಟದಲ್ಲಿ ನಡೆಯುತ್ತಿದೆ ಎಂಬುದು ಕೌನ್ಸಿಲ್ ಕೊಟ್ಟ ಕಾರಣ. ಹುಲ್ಲು ಕತ್ತರಿಸುವ ಯಂತ್ರ ಬರುವುದು ನಿಂತದ್ದೇ ತಡ, ಜಾಗದ ಚಹರೆಯೇ ಬದಲಾಗತೊಡಗಿತು. ಚೆಂಡು ಉರುಳಲೆಂದು ಮಟ್ಟಸವಾಗಿ ಕತ್ತರಿಸಿ ಇಟ್ಟಿದ್ದ ಹುಲ್ಲು ಮೊಣಕಾಲು ಮುಟ್ಟಿತು. ಮರಳು ತುಂಬಿದ ಬಂಕರುಗಳ ಅಂಚಿನಿಂದ ಮುಳ್ಳುಪೊದೆ ಒಳಗೆ ಇಳಿಯಿತು. ಹಕ್ಕಿಗಳು ತಂದು ಬೀಳಿಸಿದ ಓಕ್ ಬೀಜಗಳು ಗೇಣುದ್ದದ ಸಸಿಗಳಾಗಿ ಹುಲ್ಲಿನ ನಡುವೆ ತಲೆಯೆತ್ತಿದವು.

ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತು ಸಾಕಾಗಿದ್ದ ಜನಕ್ಕೆ ಇದು ವರವೇ ಆಯಿತು. ಚೆಂಡು ಎಲ್ಲಿಂದ ಹಾರಿ ಬಂದು ತಲೆಗೆ ಬಡಿಯುತ್ತದೋ ಎಂಬ ಭಯವಿಲ್ಲದೆ, ಎಂದೂ ಕಾಲಿಡದ ಕಡೆಗಳಲ್ಲೆಲ್ಲ ಓಡಾಡಿದರು. ನಾಯಿ ಹಿಡಿದವರು, ಮಕ್ಕಳ ಗಾಡಿ ತಳ್ಳುವವರು, ದೊಡ್ಡ ಲೆನ್ಸಿನ ಕ್ಯಾಮೆರಾ ಹೊತ್ತ ಹಕ್ಕಿಪ್ರಿಯರು, ಎಲ್ಲರೂ ಸೇರಿ ನಡೆದು ನಡೆದು ಹೊಸ ಕಾಲುದಾರಿಗಳನ್ನೇ ಮೂಡಿಸಿದರು. ಹಳೆಯ ಗಾಲ್ಫ್ ಆಟಗಾರರ ಪಾಲಿಗೆ ಮಾತ್ರ ಅದು ಸಂಕಟದ ಕಾಲ. ಕ್ಲಬ್ಬಿನ ಸದಸ್ಯತ್ವಕ್ಕೆ ಸಾವಿರಾರು ಪೌಂಡ್ ತೆರಲಾಗದ ಸಾಮಾನ್ಯರು ಅಂದಂದಿನ ಶುಲ್ಕ ಕೊಟ್ಟು ಆಡಬಹುದಾದ ಸಾರ್ವಜನಿಕ ಮೈದಾನ ಅದಾಗಿತ್ತು. ಗಾಲ್ಫ್ ಎಂದರೆ ಸಿರಿವಂತರ ಆಟವೆಂದು ನಾವು ತಿಳಿದಿರುತ್ತೇವೆ. ಇಂಗ್ಲೆಂಡಿನ ಪುರಸಭೆಗಳು ಕಟ್ಟಿ ನಡೆಸಿದ ಮೈದಾನಗಳನ್ನು ಕಂಡವರು ಹಾಗೆ ಹೇಳಲಾರರು.

ಈ ನೆಲ ಕೈ ಬದಲಾಯಿಸಿದ್ದು ಇದೇ ಮೊದಲೇನಲ್ಲ. ಒಂದು ಕಾಲಕ್ಕೆ ಇದೆಲ್ಲ ಎನ್‌ಫೀಲ್ಡ್ ಚೇಸ್ ಎಂಬ ರಾಜರ ಬೇಟೆಕಾಡಿನ ಸೀಮೆ. ಜಿಂಕೆ ರಾಜನದು, ಆದರೆ ದನ ಮೇಯಿಸುವ, ಸೌದೆ ಆಯುವ ಹಕ್ಕು ಸುತ್ತಲ ಹಳ್ಳಿಗರದು. ನಮ್ಮ ಗೋಮಾಳಗಳಿಗಿದ್ದ ಹಾಗೆ ಆ ಹಕ್ಕಿಗೂ ರೂಢಿಯ ಬಲವಿತ್ತು. 1777ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ, ಎಂಟು ಸಾವಿರ ಎಕರೆಗೂ ಮಿಕ್ಕಿದ್ದ ಆ ಕಾಡನ್ನು ಅರಸೊತ್ತಿಗೆ, ಪ್ಯಾರಿಷ್‌ಗಳು ಮತ್ತು ಭೂಮಾಲೀಕರ ನಡುವೆ ಹಂಚಿಬಿಟ್ಟಿತು. ಮರ ಕಡಿದು ಹೊಲ ಮಾಡಿದರು, ಬೇಲಿ ಎದ್ದಿತು. ವೈಟ್‌ವೆಬ್ಸ್ ಖಾಸಗಿ ಎಸ್ಟೇಟಾಗಿ ಉಳಿಯಿತು. ಈಗಿನ ವೈಟ್‌ವೆಬ್ಸ್ ಹೌಸ್ 1791ರ ಕಟ್ಟಡ. ಅದಕ್ಕೂ ಹಿಂದೆ ಇದೇ ಹೆಸರಿನ ಹಳೆಯ ಮನೆಯೊಂದಿತ್ತು. 1605ರಲ್ಲಿ ಪಾರ್ಲಿಮೆಂಟನ್ನು ಮದ್ದಿಟ್ಟು ಉಡಾಯಿಸಲು ಹೊಂಚಿದ ರಾಬರ್ಟ್ ಕೇಟ್ಸ್‌ಬಿಯ ಗುಂಪು ಸಂಧಿಸುತ್ತಿದ್ದ ತಾಣಗಳಲ್ಲಿ ಅದೂ ಒಂದು. ಕಾಡಿನೊಳಗೆ ಇನ್ನೂ ಒಂದು ಸೋಜಿಗವಿದೆ. ಹರ್ಟ್‌ಫರ್ಡ್‌ಶೈರಿನಿಂದ ಲಂಡನ್ನಿಗೆ ಕುಡಿಯುವ ನೀರು ತರಲು 1613ರಲ್ಲಿ ಮುಗಿಸಿದ ನ್ಯೂ ರಿವರ್ ಕಾಲುವೆಯ ಹಳೆಯ ಸುತ್ತು ಇಲ್ಲೇ ಹಾದುಹೋಗುತ್ತಿತ್ತು. ಕಫ್ಲಿ ತೊರೆಯ ಮೇಲೆ ಆ ನೀರನ್ನು ದಾಟಿಸಲು 1820ರಲ್ಲಿ ಎರಕಹೊಯ್ದ ಕಬ್ಬಿಣದ ಮೇಲ್ಗಾಲುವೆ ಈಗಲೂ ಮರಗಳ ನಡುವೆ ನಿಂತಿದೆ. ನೀರು ಹರಿಯುವುದು ನಿಂತು ಎಷ್ಟೋ ಕಾಲವಾಗಿದೆ.

1931ರಲ್ಲಿ ಮಿಡ್ಲ್‌ಸೆಕ್ಸ್ ಕೌಂಟಿ ಕೌನ್ಸಿಲ್ ಈ ಎಸ್ಟೇಟನ್ನು ಕೊಂಡುಕೊಂಡಿತು. ಲಂಡನ್ ಮನೆಗಳ ಸಾಲು ಸಾಲಾಗಿ ಹೊರಗೆ ಹರಡುತ್ತಿದ್ದ ದಿನಗಳು ಅವು. ಊರಿನ ಸುತ್ತ ಹಸಿರನ್ನು ಉಳಿಸದಿದ್ದರೆ ಮುಂದಿನವರಿಗೆ ಉಸಿರಾಡಲೂ ಜಾಗ ಇರುವುದಿಲ್ಲ ಎಂಬ ಆತಂಕದಲ್ಲಿ ಸುತ್ತಲಿನ ಕೌಂಟಿಗಳು ಜನರ ತೆರಿಗೆ ಹಣದಿಂದಲೇ ಜಮೀನು ಕೊಳ್ಳುತ್ತಿದ್ದವು. 1938ರ ಗ್ರೀನ್ ಬೆಲ್ಟ್ ಕಾಯ್ದೆ ಹುಟ್ಟಿದ್ದೂ ಆ ಕಾಳಜಿಯಿಂದಲೇ. ಖಾಸಗಿ ಬೇಲಿಯ ಹಿಂದಿದ್ದ ನೆಲ ಮತ್ತೆ ಜನರ ಕೈಗೆ ಬಂದದ್ದು ಹೀಗೆ. ಹಾಗಾಗಿ ಎನ್‌ಫೀಲ್ಡಿನವರು ಈ ಉದ್ಯಾನದ ಮಾತು ಬಂದಾಗ ‘ಇದು ನಮ್ಮದು, ದುಡ್ಡು ಕೊಟ್ಟು ಕೊಂಡದ್ದು’ ಎನ್ನುತ್ತಾರೆ. ಇದರಲ್ಲಿ ಹಠಕ್ಕಿಂತ ಲೆಕ್ಕವೇ ಹೆಚ್ಚು.

ಗಾಲ್ಫ್ ಮೈದಾನವನ್ನು ಯಾರಿಗೆ ಕೊಡಬೇಕೆಂದು ಕೌನ್ಸಿಲ್ ಪ್ರಸ್ತಾವಗಳನ್ನು ಕರೆಯಿತು. ಕೊನೆಗೆ ಆರಿಸಿಕೊಂಡದ್ದು ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಫುಟ್‌ಬಾಲ್ ಕ್ಲಬ್ಬನ್ನು. ಕ್ಲಬ್ ಅಲ್ಲಿನ ಜನಕ್ಕೆ ಹೊಸದಲ್ಲ. ಅದರ ದೊಡ್ಡ ತರಬೇತಿ ಕೇಂದ್ರ ‘ಹಾಟ್‌ಸ್ಪರ್ ವೇ’ 2012ರಿಂದ ಪಕ್ಕದಲ್ಲೇ, ಅದೇ ಗ್ರೀನ್ ಬೆಲ್ಟಿನಲ್ಲಿ, 77 ಎಕರೆಯಲ್ಲಿ ಹರಡಿಕೊಂಡಿದೆ. ಕ್ಲಬ್ಬಿನ ಪ್ರಸ್ತಾವದಲ್ಲಿದ್ದದ್ದು ಇಷ್ಟು: ಅದರ ಬಗಲಿಗೆ ಮಹಿಳೆಯರು ಮತ್ತು ಬಾಲಕಿಯರಿಗಾಗಿ ಪ್ರತ್ಯೇಕ ಅಕಾಡೆಮಿ, ಮೈದಾನದ ಹುಲ್ಲು ಬೆಳೆಸಿ ನೋಡಿಕೊಳ್ಳುವ ಕಸುಬು ಕಲಿಸುವ ಒಂದು ಶಾಲೆ, ಹಳೆಯ ಗಾಲ್ಫ್ ಕ್ಲಬ್‌ಹೌಸಿಗೆ ಹೊಸ ರೂಪ. ಉಳಿದ ಭಾಗವನ್ನು ಸಾರ್ವಜನಿಕರಿಗೆ ತೆರೆದಿಟ್ಟು, ಮರ ನೆಟ್ಟು, ದಾರಿ ಸರಿಪಡಿಸುವ ಮಾತನ್ನೂ ಕ್ಲಬ್ ಕೊಟ್ಟಿತು. ಲೀಸಿನ ಅವಧಿ 25 ವರ್ಷ.

ಇಲ್ಲಿಂದ ಜಗಳ ಶುರುವಾಯಿತು. ‘ಫ್ರೆಂಡ್ಸ್ ಆಫ್ ವೈಟ್‌ವೆಬ್ಸ್ ಪಾರ್ಕ್’ ಎಂಬ ನಿವಾಸಿಗಳ ಬಳಗ ಕರಪತ್ರ ಹಂಚಿತು, ಸಹಿ ಸಂಗ್ರಹಿಸಿತು, ಯೋಜನೆಯ ದಪ್ಪ ದಪ್ಪ ಕಡತಗಳನ್ನು ಪುಟ ಬಿಡದೆ ಓದಿ ಆಕ್ಷೇಪಣೆ ಬರೆಯಿತು.

ಫುಟ್‌ಬಾಲ್ ಆಡುವ ಜಾಗ ಎಂದರೆ ಹುಲ್ಲಿನ ಬಯಲು ತಾನೆ, ಅದಕ್ಕೇಕೆ ಇಷ್ಟು ವಿರೋಧ ಎಂದು ದೂರದವರಿಗೆ ಅನ್ನಿಸುವುದು ಸಹಜ. ಆದರೆ ದೊಡ್ಡ ಕ್ಲಬ್ಬುಗಳ ಮೈದಾನ ಬಯಲಿನ ಹುಲ್ಲಲ್ಲ. ಲಂಡನ್ನಿನ ಉತ್ತರದ ನೆಲ ಅಂಟು ಜೇಡಿಮಣ್ಣು. ಮಳೆ ಬಂದರೆ ನೀರು ಇಂಗುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರ ಮೇಲೆ ವರ್ಷವಿಡೀ ಆಡಬೇಕೆಂದರೆ ಮೊದಲು ಮೇಲ್ಮಣ್ಣನ್ನು ಕೆರೆದು ತೆಗೆಯಬೇಕು. ಏರುತಗ್ಗು ಕಡಿದು ಮಟ್ಟ ಮಾಡಬೇಕು. ಸಾಲಾಗಿ ಬಸಿಗಾಲುವೆಯ ಕೊಳವೆ ಹೂಳಿ, ಜಲ್ಲಿ ಹಾಸಿ, ಅದರ ಮೇಲೆ ದಪ್ಪಗೆ ಮರಳು ಹರವಬೇಕು. ಬಳಿಕ ಹುಲ್ಲು ಬಿತ್ತಿ, ಬೇರು ಕಿತ್ತು ಬರದಂತೆ ನಡುನಡುವೆ ಪ್ಲಾಸ್ಟಿಕ್ ಎಳೆಗಳನ್ನು ಯಂತ್ರದಿಂದ ಹೊಲಿಯುತ್ತಾರೆ. ನೀರು ಸಿಂಪಡಿಸುವ ಜಾಲ, ಗೊಬ್ಬರ, ಕಳೆನಾಶಕ ಸದಾ ನಡೆಯುತ್ತಲೇ ಇರಬೇಕು. ಇನ್ನು ಕೃತಕ ಹುಲ್ಲಿನ ಅಂಗಳವಾದರೆ ಅದು ಪೂರ್ತಿ ಪ್ಲಾಸ್ಟಿಕ್ ಹಾಸು. ಇಷ್ಟಾದ ಮೇಲೆ ಬೇಲಿ ಬೇಕು. ದುಬಾರಿ ಹುಲ್ಲನ್ನು ನಾಯಿ ಕೆದಕಬಾರದು, ಆಡುವ ಹೆಣ್ಣುಮಕ್ಕಳ ಸುರಕ್ಷತೆ ನೋಡಬೇಕು, ಎದುರಾಳಿಗಳು ತಂಡದ ತಂತ್ರ ಕದ್ದು ನೋಡಬಾರದು. ಕ್ಲಬ್ಬಿನ ಕಡೆಯಿಂದ ನೋಡಿದರೆ ಎಲ್ಲವೂ ನ್ಯಾಯವೇ. ಆದರೆ 25 ವರ್ಷ ಕಳೆದು ಲೀಸು ಮುಗಿದ ದಿನ ಕೌನ್ಸಿಲಿನ ಕೈಗೆ ಮರಳುವುದು ಮೊದಲಿದ್ದ ಮಣ್ಣಲ್ಲ.

ನಿವಾಸಿಗಳು ಹೆಣ್ಣುಮಕ್ಕಳ ಆಟಕ್ಕೆ ಅಡ್ಡ ಬಂದರು ಎಂಬ ಆಪಾದನೆಯನ್ನು ಇಲ್ಲಿ ನಿಂತು ನೋಡಬೇಕು. ಮಹಿಳಾ ಫುಟ್‌ಬಾಲಿಗೆ ಇಂಗ್ಲೆಂಡಿನಲ್ಲಿ ಆದ ಅನ್ಯಾಯ ಸಣ್ಣದಲ್ಲ. 1920ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ನ ಮರುದಿನ, ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಲೇಡೀಸ್ ತಂಡದ ಪಂದ್ಯ ನೋಡಲು 53 ಸಾವಿರ ಜನ ಸೇರಿದ್ದರು. ಮರುವರ್ಷವೇ ಫುಟ್‌ಬಾಲ್ ಅಸೋಸಿಯೇಷನ್ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರು ಆಡಕೂಡದೆಂದು ನಿಷೇಧ ಹಾಕಿತು. ಅದು ತೆರವಾಗಲು ಹೆಚ್ಚುಕಡಿಮೆ ಅರ್ಧ ಶತಮಾನ ಬೇಕಾಯಿತು. ಟಾಟನ್‌ಹ್ಯಾಮಿನ ಮಹಿಳಾ ತಂಡ ಹುಟ್ಟಿದ್ದು 1985ರಲ್ಲಿ, ಬ್ರಾಕ್ಸ್‌ಬರ್ನ್ ಲೇಡೀಸ್ ಎಂಬ ಹೆಸರಿನಲ್ಲಿ. 2019ರಲ್ಲಿ ಅದು ದೇಶದ ಅತ್ಯುನ್ನತ ಲೀಗಿಗೆ ಏರಿತು. 2022ರ ಜುಲೈ 31ರಂದು ವೆಂಬ್ಲಿಯಲ್ಲಿ 87,192 ಪ್ರೇಕ್ಷಕರ ಮುಂದೆ ಇಂಗ್ಲೆಂಡಿನ ಹೆಣ್ಣುಮಕ್ಕಳು ಯುರೋಪಿನ ಪ್ರಶಸ್ತಿ ಎತ್ತಿದಾಗ, ಊರೂರಿನಲ್ಲಿ ಹುಡುಗಿಯರು ಆಡಲು ಜಾಗ ಕೇಳಿದರು. ಕೇಳಲೇಬೇಕಾಗಿತ್ತು.

ಆ ಜಾಗ ಎಲ್ಲಿಂದ ಬರಬೇಕು ಎನ್ನುವುದು ಬೇರೆಯೇ ಪ್ರಶ್ನೆ. 2019ರಲ್ಲಿ ನೂರು ಕೋಟಿ ಪೌಂಡಿನ ಸುಮಾರಿಗೆ ಖರ್ಚು ಮಾಡಿ ಕ್ರೀಡಾಂಗಣ ತೆರೆದ ಕ್ಲಬ್, ತನ್ನ ಹೆಣ್ಣುಮಕ್ಕಳ ತಂಡಕ್ಕೆ ಜಾಗ ಬೇಕೆಂದಾಗ ಸಾರ್ವಜನಿಕ ಉದ್ಯಾನದ ಕಡೆ ಕೈಚಾಚಿತು. ಎಷ್ಟೋ ಕಾಲ ಮೈದಾನವನ್ನೇ ಕೊಡದವರ ಸಾಲವನ್ನು ನಾಯಿ ಹಿಡಿದು ನಡೆಯುವ ಮುದುಕರು ತೀರಿಸಬೇಕೆ? ಉದ್ಯಾನದಲ್ಲಿ ಚೆಂಡು ಒದೆಯುವ ಹತ್ತು ವರ್ಷದ ಹುಡುಗಿಗೂ ಆಯ್ಕೆಯಾಗಿ ಬಂದ ಕ್ರೀಡಾಪಟುವಿಗೂ ಬೇಕಾದ ಜಾಗ ಒಂದೇ ಅಲ್ಲ. ಬೇಲಿಯ ಒಳಗಿನ ಅಂಗಳ ಎರಡನೆಯವಳದು.

ನಿವಾಸಿಗಳು ನ್ಯಾಯಾಲಯದ ಬಾಗಿಲನ್ನೂ ತಟ್ಟಿದರು. ಅವರಿಗೆ ಧೈರ್ಯ ಕೊಟ್ಟದ್ದು 2023ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಶ್ರಾಪ್‌ಶೈರಿನ ಮೊಕದ್ದಮೆಯೊಂದರಲ್ಲಿ ಕೊಟ್ಟ ತೀರ್ಪು. ಜನರ ವಿಹಾರಕ್ಕೆಂದು ನ್ಯಾಸದಂತೆ ಇಟ್ಟುಕೊಂಡ ನೆಲವನ್ನು ಕೌನ್ಸಿಲ್ ಪತ್ರಿಕೆಯಲ್ಲಿ ಪ್ರಕಟಣೆ ಕೊಡದೆ ಮಾರಿಬಿಟ್ಟರೂ ಜನರ ಹಕ್ಕು ಅಳಿಯುವುದಿಲ್ಲ ಎಂದು ಅದು ಹೇಳಿತ್ತು. ವೈಟ್‌ವೆಬ್ಸ್ ಕೂಡ ಅಂಥ ನ್ಯಾಸವೇ ಎಂಬುದು ನಿವಾಸಿಗಳ ವಾದ. 1931ರಲ್ಲಿ ಯಾವ ಕಾಯ್ದೆಯಡಿ, ಯಾವ ಉದ್ದೇಶಕ್ಕೆ ನೆಲ ಕೊಂಡರು ಎಂದು ತೊಂಬತ್ತು ವರ್ಷ ಹಳೆಯ ಕಾಗದಪತ್ರಗಳನ್ನು ತೆರೆದು ವಕೀಲರು ವಾದಿಸಿದರು. 2024ರಲ್ಲಿ ಹೈಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ಮೇಲ್ಮನವಿಯೂ ಕೈ ಹಿಡಿಯಲಿಲ್ಲ. 2025ರ ಫೆಬ್ರುವರಿಯಲ್ಲಿ ಕೌನ್ಸಿಲಿನ ಯೋಜನಾ ಸಮಿತಿ ಕ್ಲಬ್ಬಿನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿನ ವ್ಯವಸ್ಥೆಯಲ್ಲಿ ಕೌನ್ಸಿಲ್ ಜಮೀನಿನ ಒಡೆಯನೂ ಹೌದು, ಲೀಸು ಕೊಡುವವನೂ ಹೌದು, ಕಟ್ಟಲು ಪರವಾನಗಿ ಕೊಡುವ ಅಧಿಕಾರಿಯೂ ಹೌದು. ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ, ಬೇರೆ ಬೇರೆ ಕೈಗಳಿಂದ ಈ ಕೆಲಸ ನಡೆಯಬೇಕೆಂಬ ನಿಯಮವೂ ಇದೆ. ಆದರೂ ತನ್ನ ಉದ್ಯಾನಕ್ಕಾಗಿ ವಾದಿಸಲು ಬಂದ ನಿವಾಸಿಗೆ ಎದುರು ಕಾಣುವುದು ಒಂದೇ ಕಟ್ಟಡ.

ಇದಾಗಿ ಎರಡು ತಿಂಗಳಿಗೆ, ಯಾರೂ ಎಣಿಸದ ಕಡೆಯಿಂದ ಪೆಟ್ಟು ಬಿತ್ತು.

ವೈಟ್‌ವೆಬ್ಸ್ ಹೌಸ್ ಎಷ್ಟೋ ವರ್ಷಗಳಿಂದ ಟೋಬಿ ಕಾರ್ವರಿ ಎಂಬ ರೆಸ್ಟೊರೆಂಟ್. ನೆಲ ಕೌನ್ಸಿಲಿನದು, ನಡೆಸುವ ಕಂಪನಿ ಲೀಸುದಾರ. ಅದರ ಕಾರು ನಿಲ್ಲಿಸುವ ಜಾಗದ ಅಂಚಿನಲ್ಲಿ ಒಂದು ಓಕ್ ಮರವಿತ್ತು. ಸುತ್ತಳತೆ ಆರು ಮೀಟರಿಗೂ ಹೆಚ್ಚು, ವಯಸ್ಸು ಸುಮಾರು ಐನೂರು ವರ್ಷ. 2025ರ ಏಪ್ರಿಲ್ 3ರಂದು ಅದನ್ನು ಕಡಿದುಹಾಕಿದರು. ಬುಡದಿಂದಲ್ಲ. ಆಳಿಗಿಂತ ಎತ್ತರದ ಬೊಡ್ಡೆಯನ್ನು ಉಳಿಸಿ, ಮೇಲಿನ ತೋಳುಗಳನ್ನೆಲ್ಲ ತುಂಡು ಮಾಡಿ ನೆಲಕ್ಕೆ ಕೆಡವಿದ್ದರು. ಒಂದೊಂದು ತುಂಡೂ ಸ್ವತಃ ಒಂದು ಮರದಷ್ಟು ದಪ್ಪ. ಕಡಿದ ಕೊಂಬೆಗಳಲ್ಲಿ ವಸಂತದ ಮೊಗ್ಗು ಒಡೆಯತೊಡಗಿತ್ತು. ಮರದ ಸತ್ತ ಭಾಗಗಳಿಂದ ಜನರಿಗೆ ಅಪಾಯವೆಂದು ಗುತ್ತಿಗೆದಾರರು ಸಲಹೆ ಕೊಟ್ಟರು, ಹಾಗಾಗಿ ಕಡಿಸಿದೆವು ಎಂದು ಕಂಪನಿ ಹೇಳಿ, ಆಮೇಲೆ ಕ್ಷಮೆ ಕೇಳಿತು. ಕೆಲವೇ ತಿಂಗಳ ಹಿಂದೆ, 2024ರ ಡಿಸೆಂಬರಿನಲ್ಲಿ, ತನ್ನ ತಜ್ಞರು ನೋಡಿ ಮರ ಗಟ್ಟಿಯಾಗಿದೆ ಎಂದಿದ್ದರು ಎಂಬುದು ಕೌನ್ಸಿಲಿನ ಮಾತು. ಕಡಿದಾದ ಮೇಲೆ ಕೌನ್ಸಿಲ್ ಆ ಬೊಡ್ಡೆಗೆ ತುರ್ತು ರಕ್ಷಣಾ ಆದೇಶ ಹೊರಡಿಸಿತು.

ಫುಟ್‌ಬಾಲ್ ಕ್ಲಬ್ಬಿಗೂ ಈ ಮರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಲೇಬೇಕು, ಏಕೆಂದರೆ ಸಿಟ್ಟಿನ ಭರದಲ್ಲಿ ಎರಡನ್ನೂ ಒಂದೇ ನೇಯ್ಗೆಯೆಂದು ನಂಬಿದವರಿದ್ದರು. ಆದರೆ ಆ ಬೊಡ್ಡೆಯ ಸುತ್ತ ಬಂದು ನಿಂತ ಜನಕ್ಕೆ ಲೀಸು ಎಂದರೆ ಏನು ಎಂಬುದು ಕಣ್ಣೆದುರು ಕಂಡಿತು. ನಕ್ಷೆಯ ಪ್ರಕಾರ ಮರ ಜನರದೇ ಆಗಿತ್ತು. ಗರಗಸ ಹಿಡಿಸುವ ತೀರ್ಮಾನವನ್ನು ಮಾತ್ರ ಎಲ್ಲೋ ಒಂದು ಕಚೇರಿಯಲ್ಲಿ, ಯಾರನ್ನೂ ಕೇಳದೆ ತೆಗೆದುಕೊಂಡಿದ್ದರು. ‘ಮಾಲೀಕತ್ವ ಕೌನ್ಸಿಲಿನ ಬಳಿಯೇ ಉಳಿಯುತ್ತದೆ, ಚಿಂತೆ ಬೇಡ’ ಎಂಬ ಸಮಾಧಾನವನ್ನು ಉದ್ಯಾನದ ವಿಷಯದಲ್ಲಿ ವರ್ಷಗಟ್ಟಲೆ ಕೇಳಿಸಿಕೊಂಡವರು ಅವರು.

ಬ್ರಿಟನ್ನಿನಲ್ಲಿ ಹಳೆಯ ಕಟ್ಟಡವೊಂದು ಪಟ್ಟಿಗೆ ಸೇರಿದರೆ ಅದರ ಕಿಟಕಿ ಬದಲಾಯಿಸಲೂ ಅನುಮತಿ ಬೇಕು. 1791ರ ವೈಟ್‌ವೆಬ್ಸ್ ಹೌಸಿಗಿಂತ ಸುಮಾರು ಇನ್ನೂರೈವತ್ತು ವರ್ಷ ಹಿರಿದಾದ ಮರಕ್ಕೆ, ವಯಸ್ಸಿನ ಕಾರಣಕ್ಕೇ ತಾನಾಗಿ ದೊರೆಯುವ ಅಂಥ ರಕ್ಷಣೆ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಹೇಡ್ರಿಯನ್ ಗೋಡೆಯ ಬಳಿಯ ಸಿಕಮೋರ್ ಗ್ಯಾಪ್ ಮರವನ್ನು ಇಬ್ಬರು ರಾತ್ರೋರಾತ್ರಿ ಕಡಿದು, 2025ರ ಜುಲೈನಲ್ಲಿ ನಾಲ್ಕು ವರ್ಷಕ್ಕೂ ಮಿಕ್ಕಿದ ಜೈಲುಶಿಕ್ಷೆಗೆ ಗುರಿಯಾದರು. ಅದು ಬೇರೆಯವರ ಮರ ಕಡಿದ ಅಪರಾಧ. ತನ್ನ ವಶದಲ್ಲಿರುವ ನೆಲದ ಮರವನ್ನು ಲೀಸುದಾರನೇ ಕಡಿದರೆ ಕಾನೂನು ಅಷ್ಟು ನೇರವಾಗಿ ಮಾತಾಡುವುದಿಲ್ಲ. ಎನ್‌ಫೀಲ್ಡಿನ ಪೊಲೀಸರೂ ಇದು ಸಿವಿಲ್ ವ್ಯಾಜ್ಯವೆಂದು ಕೈಬಿಟ್ಟರು.

ವೈಟ್‌ವೆಬ್ಸ್ ಕಾಡಿನೊಳಗೆ ಓಕ್ ಮತ್ತು ಹಾರ್ನ್‌ಬೀಮ್ ಹಿರಿಯರು ಇನ್ನೂ ಇದ್ದಾರೆ. ಸೌದೆಗೆಂದು ಹಿಂದಿನವರು ಬುಡದಿಂದ ಮತ್ತೆ ಮತ್ತೆ ಕತ್ತರಿಸಿದ್ದರಿಂದ ಒಂದೇ ಬುಡದಿಂದ ಹಲವು ಕಾಂಡ ಚಾಚಿದ ಹಾರ್ನ್‌ಬೀಮ್‌ಗಳು ಅಲ್ಲಿನ ವಿಶೇಷ. ಇಂಥ ಮರಗಳನ್ನು ಯಾರು ಬೇಕಾದರೂ ವುಡ್‌ಲ್ಯಾಂಡ್ ಟ್ರಸ್ಟಿನ ಪ್ರಾಚೀನ ಮರಗಳ ಪಟ್ಟಿಗೆ ಸೇರಿಸಲು ಕಳಿಸಬಹುದು. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಅಳತೆ ಬರೆದುಕೊಳ್ಳಬೇಕು, ಫೋಟೋ ತೆಗೆಯಬೇಕು, ಜಾಗ ಗುರುತಿಸಬೇಕು, ಬಳಿಕ ಪರಿಶೀಲಕರು ಬಂದು ನೋಡುತ್ತಾರೆ. ಆದರೆ ಆ ಪಟ್ಟಿಗೆ ಕಾನೂನಿನ ಬಲವಿಲ್ಲ. ಗರಗಸ ತಡೆಯಲು ಬೇಕಾದದ್ದು ಮರ ರಕ್ಷಣಾ ಆದೇಶ, ಅದನ್ನು ಹೊರಡಿಸಬೇಕಾದ್ದು ಉದ್ಯಾನವನ್ನು ಲೀಸಿಗೆ ಕೊಟ್ಟ ಅದೇ ಕೌನ್ಸಿಲ್.