ದೀಕ್ಷಾಸ್ನಾನಕ್ಕೆ ಎಷ್ಟು ನೀರು ಬೇಕು?



ಕುವೈತಿನಲ್ಲಿ ಶುಕ್ರವಾರ ಚರ್ಚ್ ಕಾಂಪೌಂಡಿಗೆ ಬಂದವರಿಗೆ ಗೊತ್ತು. ಆವರಣ ಒಂದೇ, ಹಾಲಿಗೊಂದು ಭಾಷೆ. ಅರಬಿ, ಇಂಗ್ಲಿಷ್, ಮಲಯಾಳಂ, ತಮಿಳು, ತೆಲುಗು, ಇವುಗಳ ನಡುವೆ ನಮ್ಮ ಸಣ್ಣ ಕನ್ನಡ ಕೂಟ. ಊರಲ್ಲಿ ಸಿ.ಎಸ್.ಐ., ಮೆಥೋಡಿಸ್ಟ್, ಬ್ರದರನ್, ಪೆಂತೆಕೋಸ್ತ್ ಅಂತ ಬೇರೆ ಬೇರೆ ಸಭೆಗೆ ಹೋಗ್ತಿದ್ದ ನಾವು ಇಲ್ಲಿ ಒಟ್ಟಿಗೆ ಕೂರ್ತೇವೆ. ಹಾಗಾಗಿ ಊರಲ್ಲಿ ಅಷ್ಟಾಗಿ ಏಳದ ಪ್ರಶ್ನೆ ಇಲ್ಲಿ ಏಳುತ್ತದೆ. ದೀಕ್ಷಾಸ್ನಾನದ ಸರಿಯಾದ ಕ್ರಮ ಯಾವುದು? ಪೂರ್ತಿ ಮುಳುಗಿಸಬೇಕೋ, ತಲೆಗೆ ನೀರು ಸುರಿದರೆ ಸಾಕೋ?

ನಾವು ಬಿ.ಕಾಂ. ಮಾಡಿ ಕಂಪನಿ ಲೆಕ್ಕ ಬರೆಯುವವರು, ದೇವಶಾಸ್ತ್ರ ಕಲಿತವರಲ್ಲ. ಆದರೆ ಈ ಪ್ರಶ್ನೆಯಿಂದ ಒಬ್ಬ ಹುಡುಗನ ನಿದ್ದೆ ಕೆಟ್ಟಿತ್ತು. ಬೆಟಗೇರಿಯವನು, ಏಸಿ ಕೆಲಸ. ಮೂರು ತಿಂಗಳ ಕೂಸಿದ್ದಾಗ ಊರ ಚರ್ಚಿನಲ್ಲಿ ತಲೆಗೆ ನೀರು ಹಾಕಿಸಿದ್ದರು. ಇಲ್ಲಿ ರೂಮಿನ ಗೆಳೆಯರ ಜೊತೆ ಹೋದ ಕೂಟವೊಂದರಲ್ಲಿ, ಅದು ಲೆಕ್ಕಕ್ಕಿಲ್ಲ, ನಿನಗಿನ್ನೂ ದೀಕ್ಷಾಸ್ನಾನವೇ ಆಗಿಲ್ಲ ಅಂದರಂತೆ. ಇದನ್ನು ಫೋನಿನಲ್ಲಿ ಹೇಳಿದಾಗ ಅವರವ್ವ, "ಹಂಗಾರ ನಿಮ್ಮಪ್ಪ ಇದ್ದಾಗ ನಾವು ಮಾಡಿಸಿದ್ದು ಸುಳ್ಳೇನಪಾ?" ಅಂತ ಕೇಳಿ ಫೋನ್ ಇಟ್ಟರಂತೆ. ಎರಡು ವಾರ ಮಾತಿಲ್ಲ. "ಅಣ್ಣಾರ, ನಂದು ಆಗೇತೋ ಇಲ್ಲೋ, ನೀವ ಹೇಳ್ರಿ" ಅಂತ ನಮ್ಮ ಹತ್ತಿರ ಬಂದ. ಹೀಗಾಗಿ ನಾವು ಕೆಲವರು ಕೂತು ಓದಿದೆವು.

ಮೊದಲು ಮುಳುಗಿಸುವವರ ವಾದ ನೋಡೋಣ. ಅದು ಗಟ್ಟಿಯಾಗಿಯೇ ಇದೆ. ಹೊಸ ಒಡಂಬಡಿಕೆಯ ಗ್ರೀಕ್ ಪದ 'ಬಾಪ್ಟಿಜೋ' ಅಂದರೆ ಅದ್ದು, ಮುಳುಗಿಸು ಎಂದೇ ಮುಖ್ಯ ಅರ್ಥ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಫಿಲಿಪ್ಪನೂ ಇಥಿಯೋಪ್ಯದ ಅಧಿಕಾರಿಯೂ ಇಬ್ಬರೂ ನೀರಿಗಿಳಿಯುತ್ತಾರೆ. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಇದನ್ನು ಕ್ರಿಸ್ತನ ಜೊತೆ ಹೂಣಲ್ಪಟ್ಟು ಏಳುವುದಕ್ಕೆ ಹೋಲಿಸುತ್ತದೆ. ಮುಳುಗಿ ಎದ್ದಾಗ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ, ಇಲ್ಲ ಅನ್ನೋಕಾಗಲ್ಲ.

ಇನ್ನೊಂದು ಕಡೆ, ಅದೇ ಪದದಿಂದ ಬಂದ ಮಾತನ್ನು ಮಾರ್ಕನು 7ನೇ ಅಧ್ಯಾಯದಲ್ಲಿ ಪಾತ್ರೆ ತೊಳೆಯುವುದಕ್ಕೂ ಬಳಸಿದ್ದಾನೆ. ಕೃತ್ಯಗಳ 16ನೇ ಅಧ್ಯಾಯದಲ್ಲಿ ಸೆರೆಮನೆಯ ಯಜಮಾನನೂ ಅವನ ಮನೆಯವರೆಲ್ಲರೂ ರಾತ್ರಿ ಹೊತ್ತಿನಲ್ಲೇ ದೀಕ್ಷಾಸ್ನಾನ ಪಡೆದರು. ಎಷ್ಟು ನೀರಿತ್ತು ಅಂತ ಬರೆದಿಲ್ಲ, ಮನೆಯಲ್ಲಿ ಕೂಸುಗಳಿದ್ದವೋ ಇಲ್ಲವೋ ಅದನ್ನೂ ಬರೆದಿಲ್ಲ.

ನಮಗೆ ಹೆಚ್ಚು ಬೆಳಕು ಕೊಟ್ಟದ್ದು 'ದಿದಖೆ' ಎಂಬ ಪುಟ್ಟ ಪುಸ್ತಕ. ಆದಿಸಭೆಯ ಕಾಲದ್ದು. ಇದರ ಹಸ್ತಪ್ರತಿ 1873ರಲ್ಲಿ ಈಗಿನ ಇಸ್ತಾಂಬುಲಿನಲ್ಲಿ ಸಿಕ್ಕಿ 1883ರಲ್ಲಿ ಅಚ್ಚಾಯಿತು. ಅದರ 7ನೇ ಅಧ್ಯಾಯದ ತಾತ್ಪರ್ಯ ಇಷ್ಟು: ಮೊದಲು ಉಪದೇಶ. ಆಮೇಲೆ ಹರಿಯುವ ನೀರು. ಅದಿಲ್ಲದಿದ್ದರೆ ಬೇರೆ ನೀರು. ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಸಾಲದಿದ್ದರೆ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ತಲೆಯ ಮೇಲೆ ಮೂರು ಸಲ ಸುರಿಯುವುದು. ದೀಕ್ಷಾಸ್ನಾನ ಪಡೆಯುವವನು ಒಂದೆರಡು ದಿನ ಮೊದಲೇ ಉಪವಾಸ ಇರಬೇಕು ಅಂತಲೂ ಇದೆ. ನೋಡಿ, ನೀರಿನ ಅಳತೆ ಬದಲಾದರೂ ಹೆಸರು ಬದಲಾಗಲಿಲ್ಲ. ಆ ಹೆಸರು ಮತ್ತಾಯ 28:19ರಲ್ಲಿ ಯೇಸುಸ್ವಾಮಿ ಕೊಟ್ಟದ್ದೇ.

ಆದರೂ ತಕರಾರು ಬರೀ ನೀರಿನದ್ದಲ್ಲ, ಮೊದಲು ನಂಬಿಕೆ ಬೇಕಲ್ಲ ಎನ್ನುವುದು. ಕೂಸು ಹೇಗೆ ನಂಬೀತು ಅಂತ ಅವರು ಕೇಳ್ತಾರೆ. ಕೂಸು ಕೇಳುವ ಮೊದಲೇ ದೇವರು ಕೃಪೆ ಕೊಡ್ತಾನೆ ಅಂತ ಇವರು ಹೇಳ್ತಾರೆ. ಆರ್ಥೊಡಾಕ್ಸ್ ಸಭೆಗಳಲ್ಲಿ ಕೂಸನ್ನೇ ಮೂರು ಸಲ ಮುಳುಗಿಸುವ ಕ್ರಮ ಇದೆ. ಈ ಜಗಳ ಹಿಂದೆ ಪ್ರಾಣವನ್ನೂ ತೆಗೆದಿದೆ. 1525ರಲ್ಲಿ ಜ್ಯೂರಿಕ್ ಊರಲ್ಲಿ ಕೆಲವರು ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಫೆಲಿಕ್ಸ್ ಮಾಂಟ್ಸ್ ಎಂಬವರನ್ನು 1527ರಲ್ಲಿ ಅಲ್ಲಿನ ಆಡಳಿತದವರು ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರೂ ಕ್ರೈಸ್ತರೇ. ನೀರಿನ ಹೆಸರಲ್ಲಿ ಹಟ ಹಿಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ಇಷ್ಟು ಸಾಕು.

ಲೆಕ್ಕದವರ ಭಾಷೆಯಲ್ಲಿ ಹೇಳುವುದಾದರೆ, ಒಂದು ವೋಚರಿಗೆ ಒಂದೇ ಎಂಟ್ರಿ. ನೀರಿನಿಂದ, ತ್ರಿಯೇಕ ದೇವರ ಹೆಸರಿನಲ್ಲಿ, ಸಭೆಯ ಮುಂದೆ ಆದದ್ದು ಆಯಿತು. 1982ರಲ್ಲಿ ಪೆರುವಿನ ಲಿಮಾದಲ್ಲಿ ಹಲವು ಸಭೆಗಳ ಪಂಡಿತರು ಸೇರಿ ಒಪ್ಪಿದ ಬರಹವೂ ದೀಕ್ಷಾಸ್ನಾನವನ್ನು ಮತ್ತೆ ಮಾಡಬಾರದು ಎಂದೇ ಹೇಳುತ್ತದೆ. ಮೊದಲನೆಯದು ಎಂಟ್ರಿಯೇ ಅಲ್ಲ ಅಂತ ಮನಸ್ಸಾರೆ ನಂಬಿದ ಸಹೋದರರು ನಮ್ಮ ಕೂಟದಲ್ಲೇ ಇದ್ದಾರೆ. ಅವರ ಮೇಲೆ ನಮಗೆ ಗೌರವ ಇದೆ. ಆದರೆ ತಾಯಿ ಮಗನ ನಡುವೆ ಗೋಡೆ ಕಟ್ಟಿ ಯಾರನ್ನೂ ನೀರಿಗಿಳಿಸಬಾರದು ಅಂತ ಅವರೂ ಒಪ್ಪಿದರು. ಹುಡುಗನಿಗೆ ನಾವು ಹೇಳಿದ್ದು ಇಷ್ಟೇ: "ನಿಮ್ಮವ್ವ ನಿನ್ನ ಪರವಾಗಿ ಅಂದು ಒಪ್ಪಿದ್ದನ್ನು ಇಂದು ನಿನ್ನ ಬಾಯಿಂದ ಸಭೆ ಮುಂದೆ ಹೇಳು." ಒಂದು ಶುಕ್ರವಾರ ಎದ್ದು ನಿಂತು ಹೇಳಿದ. ಅವ್ವ ವಿಡಿಯೋ ಕಾಲಿನಲ್ಲಿ ನೋಡಿದರು.

ಹೊಸದಾಗಿ ದೀಕ್ಷಾಸ್ನಾನ ಪಡೆಯಬೇಕು ಅನ್ನುವವರಿಗೆ ಕೆಲವು ಮಾತು. ಅವಸರ ಬೇಡ, ಮೊದಲು ಪಾಠ ಮುಗಿಸಿ. ರೂಮಿನವರ ಒತ್ತಾಯಕ್ಕೋ ಉಪಕಾರಕ್ಕೋ ಒಪ್ಪಬೇಡಿ. ಸಮುದ್ರದ ದಂಡೆಗೆ ಗುಂಪು ಕಟ್ಟಿಕೊಂಡು ಹೋಗಬೇಡಿ. ನಾವು ಪರದೇಶದವರು, ಅನುಮತಿ ಇರುವ ಆವರಣದೊಳಗೇ ಆಗಲಿ. ಮುಳುಗುವುದಾದರೆ ದಪ್ಪ ಬಟ್ಟೆ ಹಾಕಿ, ಸೊಂಟದ ಮಟ್ಟದ ನೀರು ಸಾಕು, ಪಾಸ್ಟರ್ ಜೊತೆ ಇನ್ನೊಬ್ಬರು ಪಕ್ಕದಲ್ಲಿ ನಿಂತಿರಲಿ. ಹೃದಯದ ತೊಂದರೆ ಇದ್ದವರು, ನೀರಿಗೆ ಹೆದರುವವರು ಮೊದಲೇ ಹೇಳಿ, ಸುರಿಯುವ ಕ್ರಮ ಇದೆ. ಮುಗಿದ ಮೇಲೆ ಹೆಸರು, ತಂದೆ ತಾಯಿ ಹೆಸರು, ತಾರೀಖು ರಿಜಿಸ್ಟರಿನಲ್ಲಿ ಬರೆಸಿ ಸರ್ಟಿಫಿಕೇಟ್ ತಗೊಳ್ಳಿ. ನಾಳೆ ಊರ ಚರ್ಚಿನಲ್ಲಿ ಮದುವೆಗೆ ಅದನ್ನು ಕೇಳ್ತಾರೆ.

ಮತ್ತೆ, ನೀರಿಗಿಳಿಯುವ ಮುಂಚೆ ಒಂದು ಸಲ ಮನೆಗೆ ಫೋನ್ ಮಾಡಿ.